ಇಂಕು ಅಂದರೆ ಸುಟ್ಟದ್ದು

ಹೋದ ತಿಂಗಳು ಗ್ರಂಧಿಗೆ ಅಂಗಡಿಗೆ ಹೋಗಿ ಐವತ್ತು ಗ್ರಾಂ ಮಾಚಿಕಾಯಿ, ಒಂದಿಷ್ಟು ಅನ್ನಭೇದಿ, ಜೊತೆಗೆ ಸ್ವಲ್ಪ ಜಾಲಿಮರದ ಅಂಟು ಕೊಡಿ ಅಂದೆ. ಅಂಗಡಿಯವರು ಪೊಟ್ಟಣ ಕಟ್ಟುತ್ತಲೇ "ಮನೇಲಿ ಮಗು ಇದೆಯಾ ಸಾರ್?" ಅಂತ ಕೇಳಿದರು. ಅವರು ಕೇಳಿದ್ದು ಸರಿಯೇ. ನಮ್ಮಲ್ಲಿ ಮಾಚಿಕಾಯಿ ಅಂದರೆ ಬಾಣಂತಿ ಮನೆಯ ಸಾಮಾನು, ಬಜೆಯ ಜೊತೆ ಕಲ್ಲಿನ ಮೇಲೆ ನಾಲ್ಕು ಸುತ್ತು ತೇಯ್ದು ಕೂಸಿನ ನಾಲಿಗೆಗೆ ಸವರುತ್ತಾರೆ. "ಇಲ್ಲ, ಇಂಕು ಮಾಡೋಕೆ" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಅನ್ನಭೇದಿ ಮಾತ್ರ ಅಡುಗೆಮನೇಲಿ ಇಡಬೇಡಿ" ಅಂದರು.

ಯುರೋಪಿನ ಜನ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಬರೆದದ್ದು ಈ ಮೂರು ಸಾಮಾನು ಕಲಸಿದ ಇಂಕಿನಲ್ಲೇ. ಆದರೆ ನನಗೆ ಬೇಕಾಗಿದ್ದು ಇಂಕಿಗಿಂತ ಹೆಚ್ಚಾಗಿ ಒಂದು ಪದದ ಅರ್ಥ. ನಾವು ಕನ್ನಡದಲ್ಲೂ ದಿನಾ ಬಳಸುವ 'ಇಂಕು' ಅನ್ನುವ ಪದದ ಬೇರು ಹುಡುಕುತ್ತಾ ಹೋದರೆ ಸಿಗುವ ಅರ್ಥ 'ಸುಟ್ಟು ಒಳಗಿಳಿಸಿದ್ದು'. ಬರೆಯೋದಕ್ಕೂ ಸುಡೋದಕ್ಕೂ ಎಲ್ಲಿಯ ನಂಟು? ಇದು ತಲೆಯಲ್ಲಿ ಕೂತುಬಿಟ್ಟಿತ್ತು.

ಮೊದಲು ಒಂದು ರೈಲು ಪ್ರಯಾಣ ಮಾಡೋಣ. ಬರ್ಲಿನ್‌ನಲ್ಲಿ ಹತ್ತಿದಿರಿ ಅಂದುಕೊಳ್ಳಿ. ಅಲ್ಲಿ ಇಂಕಿಗೆ 'ಟಿಂಟೆ' ಅನ್ನುತ್ತಾರೆ. ದಕ್ಷಿಣಕ್ಕೆ ಬಂದು ಪ್ರಾಗ್‌ನಲ್ಲಿ ಇಳಿದರೆ ಅದು 'ಇಂಕೌಸ್ಟ್'. ಮತ್ತೆ ಹತ್ತಿ ಬ್ರಾಟಿಸ್ಲಾವಾಕ್ಕೆ ಬಂದರೆ 'ಅತ್ರಮೆಂಟ್'. ಇನ್ನೂ ಮುಂದೆ ಬುಡಾಪೆಸ್ಟ್‌ನಲ್ಲಿ 'ತಿಂತಾ'. ಒಂದು ದಿನದ ದಾರಿ, ನಾಲ್ಕು ಊರು, ಮೂರು ಬೇರೆ ಬೇರೆ ಪದ. ಅದರಲ್ಲೂ ಚೆಕ್ ಮತ್ತು ಸ್ಲೊವಾಕ್ ನೋಡಿ. ಎರಡೂ ಅಕ್ಕತಂಗಿ ಭಾಷೆಗಳು, ಒಬ್ಬರ ಮಾತು ಇನ್ನೊಬ್ಬರಿಗೆ ಹೆಚ್ಚುಕಡಿಮೆ ಹಾಗೇ ಅರ್ಥವಾಗುತ್ತದೆ, 1992ರ ಕೊನೆಯವರೆಗೆ ಎರಡೂ ಒಂದೇ ದೇಶದಲ್ಲಿದ್ದವು. ಆದರೂ ದವಾತಿಯಲ್ಲಿರುವ ವಸ್ತುವಿಗೆ ಇಬ್ಬರದ್ದೂ ಒಂದೇ ಹೆಸರಲ್ಲ.

ವಿಶೇಷ ಏನಂದರೆ ಮೂರೂ ಪದ ಬಂದಿದ್ದು ಲ್ಯಾಟಿನ್‌ನಿಂದಲೇ. ಲ್ಯಾಟಿನ್‌ನಲ್ಲಿ ಇಂಕಿಗೆ ಬೇರೆ ಬೇರೆ ಕಾಲದಲ್ಲಿ ಮೂರು ಹೆಸರಿದ್ದವು: ಆತ್ರಮೆಂಟುಮ್, ಟಿಂಕ್ಟಾ, ಎಂಕೌಸ್ಟುಮ್. ಮೊದಲನೆಯದು ಬಣ್ಣವನ್ನು ನೋಡಿ ಇಟ್ಟ ಹೆಸರು, ಎರಡನೆಯದು ಅದ್ದುವ ಕೆಲಸವನ್ನು ನೋಡಿ. ಮೂರನೆಯದು ಬೆಂಕಿಯದ್ದು.

ಆತ್ರಮೆಂಟುಮ್ ಸುಲಭ. 'ಆತೆರ್' ಅಂದರೆ ಕಪ್ಪು, ಅದರಲ್ಲೂ ಹೊಳಪಿಲ್ಲದ ಕಪ್ಪು. ಕಪ್ಪು ಮಾಡುವಂಥದ್ದು ಆತ್ರಮೆಂಟುಮ್. ರೋಮನ್ನರು ಇದನ್ನು ಮಾಡುತ್ತಿದ್ದದ್ದು ಮಸಿಯಿಂದ, ಅಂದರೆ ನಮ್ಮ ಪಾತ್ರೆ ತಳಕ್ಕೆ ಹಿಡಿಯುತ್ತಲ್ಲ, ಆ ಮಸಿಯಿಂದ. ಕ್ರಿಸ್ತಪೂರ್ವ 1ನೇ ಶತಮಾನದ ಕಟ್ಟಡಗಾರ ವಿಟ್ರೂವಿಯಸ್ ಇದನ್ನು ಮಾಡುವ ಬಗೆ ಬರೆದಿಟ್ಟಿದ್ದಾನೆ. ಒಲೆಯಲ್ಲಿ ಮರದ ರಾಳ ಸುಡಬೇಕು, ಹೊಗೆ ಪಕ್ಕದ ಕೋಣೆಗೆ ಹೋಗಬೇಕು, ಅಲ್ಲಿಯ ನುಣುಪಾದ ಗೋಡೆಗೆ ಕೂತ ಮಸಿಯನ್ನು ಕೆರೆದು ಅಂಟಿನ ಜೊತೆ ಕಲಸಬೇಕು. ಕನ್ನಡದಲ್ಲಂತೂ ಇದನ್ನು ಬಿಡಿಸಿ ಹೇಳಲೇ ಬೇಕಾಗಿಲ್ಲ, ಯಾಕೆಂದರೆ ನಮಗೆ ಪಾತ್ರೆಯ ಮಸಿಯೂ ಮಸಿಯೇ, ದವಾತಿಯ ಮಸಿಯೂ ಮಸಿಯೇ.

ಈ ಮಸಿ ಇಂಕಿಗೆ ಒಂದು ಗುಣ ಇತ್ತು: ಒದ್ದೆ ಸ್ಪಂಜಿನಲ್ಲಿ ಒರೆಸಿದರೆ ಹೋಗಿಬಿಡುತ್ತಿತ್ತು. ಇಂಗಾಲದ ಪುಡಿ ಪಪೈರಸ್ ಮೇಲೆ, ಅಂದರೆ ಜೊಂಡಿನಿಂದ ಮಾಡಿದ ಆಗಿನ ಹಾಳೆಯ ಮೇಲೆ, ಕೂತಿರುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಚಕ್ರವರ್ತಿ ಆಗಸ್ಟಸ್ ಒಮ್ಮೆ ಏಜಾಕ್ಸ್ ಎಂಬ ವೀರನ ಮೇಲೆ ನಾಟಕ ಬರೆಯಲು ಹೊರಟನಂತೆ. ಸರಿಬರಲಿಲ್ಲ, ಅಳಿಸಿಹಾಕಿದ. ಗೆಳೆಯರು "ಏಜಾಕ್ಸ್ ಏನಾದ?" ಅಂತ ಕೇಳಿದಾಗ "ನನ್ನ ಸ್ಪಂಜಿನ ಮೇಲೆ ಬಿದ್ದು ಸತ್ತ" ಅಂದನಂತೆ. ಪುರಾಣದ ಏಜಾಕ್ಸ್ ಸತ್ತದ್ದು ತನ್ನ ಕತ್ತಿಯ ಮೇಲೆ ಬಿದ್ದು. ರೋಮನ್ ಚರಿತ್ರಕಾರ ಸುಯೆಟೋನಿಯಸ್ ಹೇಳುವ ಈ ಪ್ರಸಂಗವನ್ನು ನೆನಪಿಟ್ಟುಕೊಳ್ಳಿ, ಆ ಸ್ಪಂಜು ಮುಂದೆ ಮತ್ತೆ ಬೇಕಾಗುತ್ತದೆ.

ಕಪ್ಪು ಅನ್ನುವುದರಿಂದಲೇ ಇಂಕಿಗೆ ಹೆಸರಿಟ್ಟವರು ರೋಮನ್ನರು ಮಾತ್ರ ಅಲ್ಲ. ಗ್ರೀಕರಿಗೆ ಅದು 'ಮೆಲಾನ್', ಅಂದರೆ ಕಪ್ಪು, ಈಗಲೂ ಅಲ್ಲಿ 'ಮೆಲಾನಿ'. 4ನೇ ಶತಮಾನದಲ್ಲಿ ಬೈಬಲ್ಲು ಜರ್ಮನ್ ಬಳಗದ ಹಳೆಯ ಗಾಥಿಕ್ ಭಾಷೆಗೆ ಹೋದಾಗ ಅಲ್ಲಿ ಬಂದ ಪದ 'ಸ್ವಾರ್ಟಿಜ್ಲ್', ಅದೂ ಕಪ್ಪಿನಿಂದಲೇ. ಸ್ವೀಡನ್ನಿನ 'ಬ್ಲೆಕ್', ಫಿನ್‌ಲೆಂಡಿನ 'ಮುಸ್ತೆ', ಐರ್ಲೆಂಡಿನ 'ದೂಖ್', ರಷ್ಯಾದ 'ಚೆರ್ನಿಲಾ' ಎಲ್ಲದರ ಒಳಗೂ ಕಪ್ಪು ಅನ್ನುವ ಪದವೇ ಇದೆ. ರೊಮೇನಿಯಾದವರ ಕಥೆ ಇನ್ನೂ ಚೆನ್ನಾಗಿದೆ. ಅವರ ಭಾಷೆ ಲ್ಯಾಟಿನ್‌ನ ಸ್ವಂತ ಮಗಳು, ಆದರೆ ಇಂಕಿಗೆ ಮಾತ್ರ ನೆರೆಮನೆಯ ಸ್ಲಾವ್ ಜನರಿಂದ 'ಚೆರ್ನ್ಯಾಲ' ಅನ್ನುವ ಪದ ತಂದುಕೊಂಡರು.

ನಮ್ಮ 'ಶಾಯಿ' ಕೂಡ ಇದೇ ಸಾಲಿಗೆ ಸೇರುತ್ತದೆ. ಪಾರ್ಸಿಯಲ್ಲಿ 'ಸಿಯಾಹ್' ಅಂದರೆ ಕಪ್ಪು, 'ಸಿಯಾಹಿ' ಅಂದರೆ ಕಪ್ಪುತನ, ಅದು ಸವೆದು ಶಾಯಿ ಆಯಿತು. ಹಾಗಾಗಿ ನಾವು 'ನೀಲಿ ಶಾಯಿ' ಅಂದಾಗ ಪದದ ಲೆಕ್ಕದಲ್ಲಿ 'ನೀಲಿ ಕಪ್ಪು' ಅನ್ನುತ್ತಿದ್ದೇವೆ. ರಷ್ಯಾದ ಶಾಲಾಮಕ್ಕಳೂ ಅಷ್ಟೇ. ಯಾರಿಗೂ ಏನೂ ತೊಂದರೆಯಾಗಿಲ್ಲ, ಪದ ಒಮ್ಮೆ ಬಳಕೆಗೆ ಬಿದ್ದ ಮೇಲೆ ಅದರ ಒಳಗೆ ಏನಿದೆ ಅಂತ ಯಾರು ನೋಡುತ್ತಾರೆ, ಅಲ್ವಾ.

ಟಿಂಕ್ಟಾ ವಿಷಯಕ್ಕೆ ಬರೋಣ. 'ಟಿಂಗೆರೆ' ಅಂದರೆ ಅದ್ದುವುದು, ಬಣ್ಣ ಹಾಕುವುದು. ಬಣ್ಣ ಹಾಕಿದ ನೀರು 'ಆಕ್ವಾ ಟಿಂಕ್ಟಾ'. ದಿನಗಳೆದಂತೆ ನೀರು ಬಿಟ್ಟುಹೋಗಿ ಬಣ್ಣ ಹಾಕಿದ್ದು ಅನ್ನುವುದಷ್ಟೇ ಉಳಿಯಿತು. ಸ್ಪೇನಿನಲ್ಲಿ ಟಿಂಕ್ಟಾ ನಡುವಿನ ಕಕಾರ ಕಳೆದುಕೊಂಡು 'ತಿಂತಾ' ಆಯಿತು, 'ಸಾಂಕ್ಟಾ' ಹೇಗೆ 'ಸಾಂತಾ' ಆಯಿತೋ ಹಾಗೇ. ಜರ್ಮನ್‌ನಲ್ಲಿ ಟಿಂಟೆ. ಪೋರ್ಚುಗೀಸರಿಗೆ ತಿಂತಾ ಅಂದರೆ ಇಂಕೂ ಹೌದು, ಗೋಡೆಗೆ ಬಳಿಯುವ ಪೇಂಟೂ ಹೌದು, ಅವರು ಹಡಗು ಹತ್ತಿ ಹೋದಲ್ಲೆಲ್ಲ ಈ ಪದ ಬಿಟ್ಟುಬಂದರು. ಸಿಂಹಳದಲ್ಲಿ ಇವತ್ತಿಗೂ ಇಂಕಿಗೆ 'ತೀಂತ', ಇಂಡೋನೇಷ್ಯಾದಲ್ಲಿ 'ತಿಂತಾ'.

ಈ ಬೇರಿನ ಇನ್ನೊಂದು ಪದ ನಮ್ಮೆಲ್ಲರ ಮೊಣಕಾಲಿಗೆ ಪರಿಚಯ: ಟಿಂಚರ್. ಚಿಕ್ಕಂದಿನಲ್ಲಿ ಬಿದ್ದು ಬಂದಾಗ ಹತ್ತಿಯಲ್ಲಿ ಅದ್ದಿ ಒತ್ತುತ್ತಿದ್ದ ಆ ಕಂದು ಬಣ್ಣದ ಟಿಂಚರ್ ಅಯೋಡಿನ್, ಬಣ್ಣ ಇಳಿದ ದ್ರವ ಅನ್ನುವ ಅರ್ಥದ್ದು. ವೆನಿಸ್‌ನ ದೊಡ್ಡ ಚಿತ್ರಕಾರ ಟಿಂಟೊರೆಟ್ಟೊ ಇದ್ದನಲ್ಲ, ಅದು ಅವನ ಅಡ್ಡಹೆಸರು. ಅಪ್ಪ ಬಟ್ಟೆಗೆ ಬಣ್ಣ ಹಾಕುವ ಕಸುಬಿನವನು, ಅದಕ್ಕೇ ಮಗ 'ಪುಟ್ಟ ಬಣ್ಣಗಾರ'. ಜರ್ಮನ್ನರು ಯಾರಾದರೂ ಪೇಚಿಗೆ ಸಿಕ್ಕಿಕೊಂಡರೆ 'ಟಿಂಟೆಯಲ್ಲಿ ಕೂತಿದ್ದಾನೆ' ಅನ್ನುತ್ತಾರೆ.

ಇಲ್ಲಿ ಸ್ವಲ್ಪ ಸಮುದ್ರಕ್ಕೆ ಇಳಿಯಬೇಕು, ಯಾಕೆಂದರೆ ಇಂಕಿನ ಹೆಸರು ಬದಲಾದ ಕಡೆಯಲ್ಲೆಲ್ಲ ಒಂದು ಜೀವಿಯ ಹೆಸರೂ ಬದಲಾಗಿದೆ. ನಮ್ಮ ಕರಾವಳಿಯ ಬೊಂಡಾಸ್ ಮತ್ತು ಅದರ ಬಳಗಕ್ಕೆ ಜರ್ಮನ್‌ನಲ್ಲಿ 'ಟಿಂಟೆನ್‌ಫಿಶ್', ಡಚ್ಚಿನಲ್ಲಿ 'ಇಂಕ್ಟ್‌ವಿಸ್', ಸ್ವೀಡಿಷ್‌ನಲ್ಲಿ 'ಬ್ಲೆಕ್‌ಫಿಸ್ಕ್'. ಎಲ್ಲದಕ್ಕೂ ಅರ್ಥ ಇಂಕುಮೀನು. ಹೋಟೆಲ್ಲಿನ ಪಟ್ಟಿಯಲ್ಲಿ ಕಾಣುವ 'ಕಲಮಾರಿ' ಇನ್ನೂ ಒಂದು ಹೆಜ್ಜೆ ಮುಂದೆ. ಅದು ಬಂದದ್ದು ಲೇಖನಿ ಇಡುವ ಪೆಟ್ಟಿಗೆಯ ಹೆಸರಿನಿಂದ. 'ಕಲಮುಸ್' ಅಂದರೆ ಜೊಂಡಿನ ಲೇಖನಿ, ಗ್ರೀಕ್‌ನಲ್ಲಿ 'ಕಲಮೊಸ್'. ಅದೇ ಪದ ಅರಬ್ಬಿಗೆ ಹೋಗಿ 'ಕಲಮ್' ಆಗಿ, ಅಲ್ಲಿಂದ ನಮ್ಮ ಕಡತಗಳಿಗೆ 'ಕಲಮು' ಆಗಿ ಬಂತು. ಅಂದರೆ ಕಾಯಿದೆಯ ಕಲಮಿಗೂ ತಟ್ಟೆಯ ಮೇಲಿನ ಕಲಮಾರಿಗೂ ಅಜ್ಜ ಒಬ್ಬನೇ.

ಈಗ ಬೆಂಕಿ. ಗ್ರೀಕ್‌ನಲ್ಲಿ 'ಎನ್' ಅಂದರೆ ಒಳಗೆ, 'ಕಾಯೆನ್' ಅಂದರೆ ಸುಡು. ಸುಟ್ಟು ಒಳಗಿಳಿಸಿದ್ದು 'ಎಂಕೌಸ್ಟೊನ್'. ಮೊದಲು ಇದಕ್ಕೂ ಬರೆಯೋದಕ್ಕೂ ಸಂಬಂಧ ಇರಲಿಲ್ಲ, ಚಿತ್ರ ಬರೆಯುವವರ ಪದ ಅದು. ಜೇನುಮೇಣವನ್ನು ಬಿಸಿಮಾಡಿ, ಬಣ್ಣ ಕಲಸಿ, ಕಾದ ಉಪಕರಣದಿಂದ ಹಲಗೆಗೆ ಕೂರಿಸುತ್ತಿದ್ದರು. ಈಜಿಪ್ಟಿನ ಫಯೂಮ್‌ನಲ್ಲಿ ಮಮ್ಮಿಗಳ ಮುಖದ ಮೇಲೆ ಇಟ್ಟಿದ್ದ ಭಾವಚಿತ್ರಗಳಲ್ಲಿ ಎಷ್ಟೋ ಹೀಗೆ ಮಾಡಿದವು. ಸುಮಾರು ಎರಡು ಸಾವಿರ ವರ್ಷ ಆಗಿದ್ದರೂ ಆ ಕಣ್ಣುಗಳು ನಿನ್ನೆ ಬರೆದ ಹಾಗಿವೆ.

ಲೇಖನಿಗೆ ಈ ಪದ ಬಂದದ್ದು ಅರಮನೆಯ ದಾರಿಯಿಂದ. ರೋಮನ್ ಚಕ್ರವರ್ತಿಗಳು ಸಹಿ ಹಾಕಲು ಒಂದು ಕೆನ್ನೇರಳೆ ಇಂಕು ಬಳಸುತ್ತಿದ್ದರು. ಮ್ಯೂರೆಕ್ಸ್ ಅನ್ನುವ ಸಮುದ್ರದ ಬಸವನಹುಳುವನ್ನು ಬೇಯಿಸಿ, ಅದರ ಚಿಪ್ಪು ಅರೆದು ಮಾಡುವಂಥದ್ದು, ಅದಕ್ಕೆ 'ಸಾಕ್ರುಮ್ ಎಂಕೌಸ್ಟುಮ್' ಅಂತ ಹೆಸರು, ಪವಿತ್ರವಾದ ಎಂಕೌಸ್ಟುಮ್. 470ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಮೊದಲನೇ ಲಿಯೋ ಇದಕ್ಕೆಂದೇ ಕಾನೂನು ಮಾಡಿದ: ಚಕ್ರವರ್ತಿಯ ಕೈಬರಹ ಈ ಬಣ್ಣದಲ್ಲೇ ಇರಬೇಕು, ಬೇರೆ ಯಾರೂ ಇದನ್ನು ಇಟ್ಟುಕೊಳ್ಳುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಮೀರಿದರೆ ಆಸ್ತಿ ಜಪ್ತಿ, ತಲೆದಂಡ. ಒಂದು ದವಾತಿ ಇಂಕಿಗೆ ಪ್ರಾಣ ಹೋಗುತ್ತಿದ್ದ ಕಾಲ.

ಆಮೇಲೆ ಪಶ್ಚಿಮದಲ್ಲಿ ಸಾಮ್ರಾಜ್ಯ ಮುಳುಗಿತು, ಪದ ಮಾತ್ರ ಅರಮನೆಯಿಂದ ಇಳಿದು ಮಠಗಳಿಗೆ ಬಂತು. ಅಲ್ಲಿ ಸಾಧುಗಳು ತಾವು ಬರೆಯುವ ಸಾಧಾರಣ ಕಪ್ಪು ಇಂಕಿಗೇ ಎಂಕೌಸ್ಟುಮ್, ಇಂಕೌಸ್ಟುಮ್ ಅನ್ನತೊಡಗಿದರು. ಇಷ್ಟು ದೊಡ್ಡ ಹೆಸರು ಸಾಧಾರಣ ಇಂಕಿಗೆ ಹೊಂದಿಕೊಂಡಿತಾದರೂ ಹೇಗೆ ಅಂದರೆ, ಅಷ್ಟರಲ್ಲಿ ಇಂಕೇ ಬದಲಾಗಿತ್ತು. ಮಸಿ ಇಂಕು ಹಿಂದೆ ಸರಿದು ಮಾಚಿಕಾಯಿ ಇಂಕು ಬಂದಿತ್ತು.

ನನ್ನ ಪೊಟ್ಟಣಗಳನ್ನು ಬಿಚ್ಚುವ ಹೊತ್ತು ಇದು. ಮಾಚಿಕಾಯಿ ನಿಜವಾಗಿ ಕಾಯಿಯೇ ಅಲ್ಲ. ಓಕ್ ಜಾತಿಯ ಮರದ ಚಿಗುರಿನಲ್ಲಿ ಒಂದು ಪುಟಾಣಿ ಕಣಜ ಮೊಟ್ಟೆ ಇಡುತ್ತದೆ. ಮರ ಅದರ ಸುತ್ತ ಗಂಟು ಕಟ್ಟುತ್ತದೆ. ಒಳಗೆ ಹುಳು ಬೆಳೆದು ಒಂದು ದಿನ ತೂತು ಕೊರೆದು ಹಾರಿಹೋಗುತ್ತದೆ. ನಾನು ತಂದದ್ದರಲ್ಲಿ ಸುಮಾರಕ್ಕೆ ಆ ತೂತು ಇತ್ತು, ಗುಂಡುಸೂಜಿಯ ತಲೆಯಷ್ಟು ದುಂಡಗೆ. ತೂತಿಲ್ಲದವು ಕೈಗೆ ಭಾರ, ಅವುಗಳಲ್ಲೇ ಒಗರು ಜಾಸ್ತಿ. ಒಗರು ಅಂದರೆ ಟ್ಯಾನಿನ್.

ಜಜ್ಜಿ ಎರಡು ದಿನ ನೀರಲ್ಲಿ ನೆನೆಹಾಕಿದೆ. ಹಳೆ ಪಂಚೆಯಲ್ಲಿ ಸೋಸಿದಾಗ ಸಿಕ್ಕಿದ್ದು ಹಾಲು ಹಾಕದ ಚಹಾದಂಥ ಕಂದು ನೀರು. ಅದಕ್ಕೆ ಅನ್ನಭೇದಿಯ ತಿಳಿಹಸಿರು ಹರಳನ್ನು ಕರಗಿಸಿ ಹಾಕಿದೆ, ಅದು ಕಬ್ಬಿಣದ ಲವಣ, ಫೆರಸ್ ಸಲ್ಫೇಟ್. ಹಾಕಿದ ಕಡೆಯಿಂದಲೇ ಬೂದುಗಪ್ಪು ಸುರುಳಿ ಎದ್ದು ಹರಡಿತು. ಕೊನೆಗೆ ಅಂಟು ಬೆರೆಸಿದೆ, ಇಲ್ಲದಿದ್ದರೆ ಲೇಖನಿಯಿಂದ ನೀರಿನಂತೆ ಸುರಿದುಬಿಡುತ್ತದೆ.

ಬರೆದೆ. ಅಕ್ಷರ ಮೊದಲು ಪೇಲವ, ತೊಳೆದ ಪೆನ್ನಿನಿಂದ ಬರೆದ ಹಾಗೆ. ಮೋಸ ಹೋದೆ ಅಂದುಕೊಂಡು ಎದ್ದುಹೋದೆ. ಊಟ ಮುಗಿಸಿ ಬಂದು ನೋಡಿದರೆ ಅದೇ ಅಕ್ಷರಗಳು ಕಪ್ಪಗೆ ನಿಂತಿದ್ದವು, ಮರುದಿನ ಬೆಳಗ್ಗೆ ಇನ್ನೂ ಕಪ್ಪು. ಕಬ್ಬಿಣದ ಈಳಿಗೆಮಣೆಯಲ್ಲಿ ಬಾಳೆಕಾಯಿ ಹೆಚ್ಚಿದರೆ ಹೋಳು ಕಪ್ಪಗಾಗುತ್ತಲ್ಲ, ಅದೇ ಇದು: ಒಗರು ಮತ್ತು ಕಬ್ಬಿಣ ಸೇರಿ, ಗಾಳಿ ತಾಗಿ ಹುಟ್ಟುವ ಕಪ್ಪು. ವ್ಯತ್ಯಾಸ ಏನಂದರೆ ಇಂಕು ತಿಳಿಯಾಗಿ ಕಾಗದದ ಎಳೆಗಳ ಒಳಗೆ ಇಳಿದು, ಅಲ್ಲಿ ಕೂತ ಮೇಲೆ ಕಪ್ಪಗಾಗುತ್ತದೆ. ಒದ್ದೆ ಸ್ಪಂಜು ತಂದು ಒರೆಸಿದೆ. ಕಾಗದ ಎದ್ದುಬಂತು, ಅಕ್ಷರ ಬರಲಿಲ್ಲ. ಆಗಸ್ಟಸ್ ಈ ಇಂಕಿನಲ್ಲಿ ಬರೆದಿದ್ದರೆ ಏಜಾಕ್ಸ್ ಇಷ್ಟು ಸುಲಭವಾಗಿ ಸಾಯುತ್ತಿರಲಿಲ್ಲ.

ಸುಟ್ಟು ಒಳಗಿಳಿಸಿದ್ದು ಅನ್ನುವ ಹೆಸರು ಈ ಇಂಕಿಗೆ ಎಷ್ಟು ಸರಿಯಾಗಿ ಕೂತಿದೆ ಅಂತ ನನಗೆ ತಿಳಿದದ್ದು ಆ ಸ್ಪಂಜು ಕೈಯಲ್ಲಿದ್ದಾಗಲೇ. 12ನೇ ಶತಮಾನದಲ್ಲಿ ಥಿಯೋಫಿಲಸ್ ಅನ್ನುವ ಸಾಧು ಇಂಕೌಸ್ಟುಮ್ ಮಾಡುವ ಬಗೆ ಬರೆದಿದ್ದಾನೆ. ಅವನದ್ದು ಮಾಚಿಕಾಯಿ ಅಲ್ಲ, ಮುಳ್ಳುಗಿಡದ ತೊಗಟೆ. ನೆನೆಸಿ, ಕುದಿಸಿ, ವೈನ್ ಸೇರಿಸಿ ಇಂಗಿಸಬೇಕು. ಕಪ್ಪು ಸಾಲದಿದ್ದರೆ ಬೆರಳಿನಷ್ಟು ದಪ್ಪದ ಕಬ್ಬಿಣವನ್ನು ಕೆಂಪಗೆ ಕಾಯಿಸಿ ಒಳಗೆ ಹಾಕಬೇಕು. ಇಲ್ಲಿ ಬೆಂಕಿ ಮಾತಿನ ಅಲಂಕಾರ ಅಲ್ಲ, ದವಾತಿಯ ಒಳಗೇ ಇದೆ.

ಸುಡುವ ಗುಣ ಅಷ್ಟಕ್ಕೇ ನಿಲ್ಲುವುದಿಲ್ಲ. ಈ ಇಂಕಿನಲ್ಲಿ ಆಮ್ಲ ಇರುತ್ತದೆ, ಮಿಕ್ಕಿದ ಕಬ್ಬಿಣ ಇರುತ್ತದೆ, ಎರಡೂ ಸೇರಿ ವರ್ಷಗಳು ಕಳೆದಂತೆ ಕಾಗದವನ್ನೇ ತಿನ್ನುತ್ತವೆ. ಚರ್ಮದ ಹಾಳೆ ತಡೆದುಕೊಳ್ಳುತ್ತದೆ, ಕಾಗದಕ್ಕೆ ಕಷ್ಟ. ಸಂಗೀತಕಾರ ಬಾಖ್ ಕೈಯಾರೆ ಬರೆದ ಸ್ವರಲಿಪಿಗಳಲ್ಲಿ, ಸ್ವರದ ಕಪ್ಪು ಬೊಟ್ಟು ಇದ್ದ ಕಡೆ ತೂತು ಬಿದ್ದಿದೆ. ಬರ್ಲಿನ್‌ನ ಗ್ರಂಥಾಲಯದವರು ಅವನ್ನು ಉಳಿಸಲು ಒಂದೊಂದು ಹಾಳೆಯನ್ನೂ ದಪ್ಪದಲ್ಲಿ ಎರಡಾಗಿ ಸೀಳಿ, ನಡುವೆ ಹೊಸ ತೆಳು ಹಾಳೆ ಇಟ್ಟು ಮತ್ತೆ ಅಂಟಿಸಬೇಕಾಯಿತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಬರೆದದ್ದು ಉಳಿಯಲಿ ಅಂತ ಆರಿಸಿಕೊಂಡ ಇಂಕು ಬರೆದದ್ದನ್ನೇ ತಿಂದುಹಾಕಿತು.

ಹಾಗಾದರೆ ಎಂಕೌಸ್ಟುಮ್ ಅನ್ನುವ ಉದ್ದದ ಪದ 'ಇಂಕ್' ಅಂತ ಒಂದು ತುತ್ತಿಗೆ ಇಳಿದದ್ದು ಹೇಗೆ? ಎಲ್ಲ ಇರುವುದು ಒತ್ತಿನಲ್ಲಿ. ಗ್ರೀಕರು ಮೊದಲ ಅಕ್ಷರ ಒತ್ತಿ ಹೇಳುತ್ತಿದ್ದರು, ಎಂ-ಕೌಸ್ಟೊನ್. ಲ್ಯಾಟಿನ್‌ನ ಲೆಕ್ಕದಲ್ಲಿ ಒತ್ತು ಬೀಳಬೇಕಾದದ್ದು ನಡುವೆ, ಎಂ-ಕೌ-ಸ್ಟುಮ್. ಫ್ರಾನ್ಸಿನ ಕಡೆ ಗ್ರೀಕರ ಒತ್ತು ಉಳಿಯಿತು, ಇಟಲಿಯಲ್ಲಿ ಲ್ಯಾಟಿನ್‌ನದ್ದು. ಒತ್ತು ಬಿದ್ದದ್ದು ಬದುಕುತ್ತದೆ, ಬೀಳದ್ದು ಸವೆಯುತ್ತದೆ. ನಮಗೆ ಇದು ಗೊತ್ತಿರುವ ಸಂಗತಿಯೇ. 'ಸುಮ್ಮನೆ' ಅನ್ನುವುದು 'ಸುಮ್ನೆ' ಆಗುತ್ತದೆ, 'ಬರುತ್ತೇನೆ' ಅನ್ನುವುದು 'ಬರ್ತೀನಿ' ಆಗುತ್ತದೆ, ಮೊದಲ ಅಕ್ಷರ ಗಟ್ಟಿ, ನಡುವಿನದ್ದು ಕರಗುತ್ತದೆ. ಫ್ರೆಂಚರ ಬಾಯಲ್ಲಿ ಬಾಲವೆಲ್ಲ ಕರಗಿ 'ಎಂಕೆ' ಅನ್ನುವಷ್ಟೇ ಉಳಿಯಿತು, ಆಮೇಲೆ ಎಲ್ಲಿಂದಲೋ ಒಂದು ರಕಾರ ಬಂದು ಸೇರಿ ಈಗಿನ 'ಆಂಕ್ರ್' ಆಯಿತು. ಇಟಲಿಯಲ್ಲಿ ನಡುವೆ ಒತ್ತು ಬಿದ್ದದ್ದರಿಂದ ಪದ ಪೂರ್ತಿ ಉಳಿದು 'ಇಂಕಿಯೋಸ್ಟ್ರೊ' ಆಯಿತು. ಅಲ್ಲೂ ಒಂದು ರಕಾರ ಸೇರಿಕೊಂಡಿದೆ ನೋಡಿ.

ಇಂಗ್ಲಿಷರ ಹಳೆಯ ಪದ 'ಬ್ಲಾಕ್' ಅನ್ನುವ ಬಗೆಯದ್ದು, ಕಪ್ಪಿನದ್ದೇ. 1066ರಲ್ಲಿ ನಾರ್ಮನ್ನರು ಬಂದು ಫ್ರೆಂಚು ಆಳುವವರ ಮಾತಾಯಿತು, ಬರೆಯುವ ಕೆಲಸವೂ ಅವರದ್ದಾಯಿತು, 13ನೇ ಶತಮಾನದ ಹೊತ್ತಿಗೆ 'ಎಂಕೆ' ಇಂಗ್ಲಿಷಿಗೆ ಬಂದು ನಿಧಾನಕ್ಕೆ 'ಇಂಕ್' ಆಯಿತು. ಫ್ರೆಂಚರಿಗೆ ರಕಾರ ಬಂದರೂ ಇಂಗ್ಲಿಷಿಗೆ ಹೋದದ್ದು ರಕಾರವಿಲ್ಲದ ರೂಪವೇ. ಡಚ್ಚರದ್ದು 'ಇಂಕ್ಟ್', ಅವರಿಂದ ಜಪಾನಿಗೆ ಹೋಗಿ 'ಇಂಕಿ'. ಚೆಕ್ಕರದ್ದು ಮಾತ್ರ ಲ್ಯಾಟಿನ್ ಓದಿದವರ ಕೈಯಿಂದ ನೇರವಾಗಿ ಬಂದ ಹಾಗೆ 'ಇಂಕೌಸ್ಟ್', ಹೆಚ್ಚು ಸವೆಯಲೇ ಇಲ್ಲ. ಪೋಲೆಂಡಿನವರು ಮೊದಲು 'ಇಂಕೌಸ್ಟ್' ಅನ್ನುತ್ತಿದ್ದರು, ಈಗ ಅದು ಹಳೆಯದಾಗಿ 'ಅತ್ರಮೆಂಟ್' ನಡೆಯುತ್ತದೆ.

ಇಂಗ್ಲಿಷಿನಿಂದ ನಮ್ಮ ಶಾಲೆಗೆ ಬಂದಾಗ ಅದಕ್ಕೆ ಒಂದು ಉಕಾರ ಸೇರಿ 'ಇಂಕು' ಆಯಿತು. ಅದರ ಜೊತೆ ಬಂದ 'ಬ್ಲೂ ಬ್ಲಾಕ್' ಅನ್ನುವ ಹೆಸರಿಗೂ ಕಾರಣ ಇದೇ ಮಾಚಿಕಾಯಿ. ಬರೆದಾಗ ಅಕ್ಷರ ಕಾಣಲಿ ಅಂತ 19ನೇ ಶತಮಾನದಲ್ಲಿ ಇದಕ್ಕೆ ನೀಲಿ ಬಣ್ಣ ಸೇರಿಸಿದರು. ಬರೆಯುವಾಗ ನೀಲಿ, ಒಣಗಿ ದಿನ ಕಳೆದ ಮೇಲೆ ಕಪ್ಪು. ಬ್ರಿಟನ್ನಿನಲ್ಲಿ ಜನನ, ಮದುವೆಯ ದಾಖಲೆ ಬರೆಯುವ ಅಧಿಕಾರಿಗಳು ಅಳಿಯಬಾರದು ಅಂತ ನಂಬಿಕೊಂಡು ಬಂದದ್ದು ಈ ಇಂಕನ್ನೇ.

ಕೊನೆಗೆ ಮೈಸೂರಿಗೆ ಬರುತ್ತೇನೆ. ಇದನ್ನು ಹೇಳದೆ ಬಿಟ್ಟರೆ ನನಗೆ ಸಮಾಧಾನ ಇಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ ಈಗ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಶ್. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಬೆರಳಿಗೆ ಹಚ್ಚುವ ಇಂಕು ಅಲ್ಲಿಂದಲೇ ಹೋಗುತ್ತದೆ. ಅದರಲ್ಲಿರುವುದು ಬೆಳ್ಳಿಯ ಲವಣ, ಸಿಲ್ವರ್ ನೈಟ್ರೇಟ್. ಚರ್ಮದ ಉಪ್ಪಿನ ಜೊತೆ ಸೇರಿ, ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಸೋಪಿಗೂ ಹೋಗಲ್ಲ, ನಿಂಬೆಹಣ್ಣಿಗೂ ಹೋಗಲ್ಲ. ಹಿಂದಿನ ಕಾಲದ ಯುರೋಪಿನ ವೈದ್ಯರು ಇದೇ ಲವಣದ ಕಡ್ಡಿಯಿಂದ ನರೂಲಿ, ಗಾಯಗಳನ್ನು ಸುಡುತ್ತಿದ್ದರು. ಆ ಕಡ್ಡಿಗೆ ಅವರಿಟ್ಟಿದ್ದ ಹೆಸರು 'ಲೂನಾರ್ ಕಾಸ್ಟಿಕ್', ಲೂನಾರ್ ಅಂದರೆ ಚಂದ್ರನದ್ದು, ರಸವಾದಿಗಳ ಲೆಕ್ಕದಲ್ಲಿ ಬೆಳ್ಳಿಗೆ ಚಂದ್ರ. ಕಾಸ್ಟಿಕ್ ಅಂದರೆ ಸುಡುವುದು, ನಮ್ಮ ಕಾಸ್ಟಿಕ್ ಸೋಡಾದ ಕಾಸ್ಟಿಕ್. ಅದು ಬಂದದ್ದು ಅದೇ ಗ್ರೀಕ್ 'ಕಾಯೆನ್' ಅನ್ನುವ ಬೇರಿನಿಂದ, ಎಂಕೌಸ್ಟೊನ್ ಹುಟ್ಟಿದ ಬೇರಿನಿಂದಲೇ.

ಮುಂದಿನ ಸಲ ಮತಗಟ್ಟೆಯಲ್ಲಿ ಎಡಗೈ ಚಾಚಿದಾಗ, ಉಗುರಿಂದ ಚರ್ಮಕ್ಕೆ ಒಂದು ಗೆರೆ ಎಳೆಯುತ್ತಾರಲ್ಲ, ಕೂಡಲೇ ಒರೆಸಿಕೊಳ್ಳಬೇಡಿ. ಬಿಸಿಲಿಗೆ ಬಂದು ನಿಂತು ಬೆರಳು ನೋಡುತ್ತಿರಿ. ಮೊದಲು ನೇರಳೆ, ಆಮೇಲೆ ಕಂದು, ಮನೆ ಸೇರುವಷ್ಟರಲ್ಲಿ ಕಪ್ಪು.